ಸಿಂಗಲ್ ಟರ್ಬೊ ಸುಪ್ರಾ ವಾಪಸ್ ಜೋಡಿ ಟರ್ಬೊಗೆ: ಯಾವ ದಾರಿ ಹಿಡಿಯಬೇಕು?

ನನ್ನ ದೊಡ್ಡಪ್ಪನ ಮಗ ಬೆಂಗಳೂರಿನಿಂದ ಒಂದು ಟೊಯೊಟಾ ಸುಪ್ರಾ ತಂದಿದ್ದ. 1994ರ ಎ80, ಜಪಾನಿನಲ್ಲಿ ಓಡಿ ಇಲ್ಲಿಗೆ ಬಂದ ಕಾರು. ಅವನ ಕೈಗೆ ಬರುವ ಮೊದಲೇ ಯಾರೋ ಅದರ ಎರಡು ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ತೆಗೆದು ಒಂದು ದೊಡ್ಡ ಟರ್ಬೊ ಕೂರಿಸಿದ್ದರು. ಹೆದ್ದಾರಿಯಲ್ಲಿ 4500 ಆರ್‌ಪಿಎಂ ದಾಟಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಅದರ ಖುಷಿಯೇ ಬೇರೆ, ಇಲ್ಲ ಅನ್ನುವುದಿಲ್ಲ. ಆದರೆ ವಿದ್ಯಾನಗರದಿಂದ ಹದಡಿ ರಸ್ತೆ ಹಿಡಿದು ನಮ್ಮ ದಾವಣಗೆರೆ ಊರೊಳಗೆ ಬರುವಾಗ 2500 ಆರ್‌ಪಿಎಂ ಮೇಲೆ ಹೋಗಲು ಜಾಗವೇ ಸಿಗುವುದಿಲ್ಲ. ಹಂಪ್ ಇಳಿದು ಎರಡನೇ ಗೇರ್‌ನಲ್ಲಿ ಒತ್ತಿದರೆ ಪಿಕಪ್ ಅನ್ನುವುದೇ ಇರಲಿಲ್ಲ.

ಒಂದು ಭಾನುವಾರ ಬೆಣ್ಣೆ ದೋಸೆ ತಿನ್ನುತ್ತಾ ಅವನೇ ಕೇಳಿದ: "ವಾಪಸ್ ಒರಿಜಿನಲ್ ಜೋಡಿ ಟರ್ಬೊ ಹಾಕ್ಸೋಣೇನೋ?" ಹೂಂ ಅಂದೆ. ಆ ಕೆಲಸ ಮುಗಿಯಲು ಒಂದು ವರ್ಷದ ಮೇಲೆ ಹಿಡಿಯಿತು. ಈ ಬರಹ ಅದೇ ಪ್ರಶ್ನೆ ಹಿಡಿದು ಕೂತವರಿಗೆ.

ಮೊದಲೇ ಹೇಳಿಬಿಡುತ್ತೇನೆ. ಟರ್ಬೊಗಳನ್ನು ನೋಡಿ ಈ ನಿರ್ಧಾರ ಮಾಡಬೇಡಿ. ಟರ್ಬೊ ಸುತ್ತ ಇರಬೇಕಾದ ಪೈಪು, ವಾಲ್ವು, ವೈರು, ಬ್ರಾಕೆಟ್ಟು ನಿಮ್ಮ ಹತ್ತಿರ ಎಷ್ಟು ಉಳಿದಿವೆ ಎಂದು ಎಣಿಸಿ ಮಾಡಿ.

ಎರಡು ಟರ್ಬೊ ಯಾಕಿದ್ದವು

ಸುಪ್ರಾದ 2ಜೆಝಡ್-ಜಿಟಿಇ ಎಂಜಿನ್ 2997 ಸಿಸಿ, ಸಾಲಾಗಿ ಆರು ಸಿಲಿಂಡರ್, ಕಬ್ಬಿಣದ ಬ್ಲಾಕ್. ಕಂಪ್ರೆಷನ್ 8.5:1 ಮಾತ್ರ. ಹಾಗಾಗಿ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಬರುವ ತನಕ ಎಂಜಿನ್ ಮಂಕಾಗಿಯೇ ಇರುತ್ತದೆ. ಟೊಯೊಟಾ ಇದಕ್ಕೆ ಮಾಡಿದ ಉಪಾಯ ನಮ್ಮ ಕಡೆಯ ರೈತರಿಗೆ ಹೇಳಿದರೆ ಒಂದೇ ನಿಮಿಷಕ್ಕೆ ಅರ್ಥವಾಗುತ್ತದೆ.

ಭದ್ರಾ ನಾಲೆಯಲ್ಲಿ ನೀರು ಕಡಿಮೆ ಬರುತ್ತಿದೆ ಅಂದುಕೊಳ್ಳಿ. ಎರಡು ತೂಬನ್ನೂ ಒಟ್ಟಿಗೆ ತೆಗೆದರೆ ಯಾವ ಗದ್ದೆಗೂ ನೀರು ಮುಟ್ಟುವುದಿಲ್ಲ. ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆದರೆ ಅದೇ ನೀರು ರಭಸವಾಗಿ ಹರಿಯುತ್ತದೆ. ನಾಲೆ ತುಂಬಿ ಬಂದಾಗ ಎರಡನೆಯದನ್ನೂ ತೆಗೆಯಬಹುದು. ಸುಪ್ರಾದಲ್ಲೂ ಹೀಗೇ. ಆರ್‌ಪಿಎಂ ಕಡಿಮೆ ಇದ್ದಾಗ ಆರೂ ಸಿಲಿಂಡರಿನ ಹೊಗೆ ಒಂದನೇ ಟರ್ಬೊಗೆ ಮಾತ್ರ ಹೋಗುತ್ತದೆ. ಅದು ಬೇಗ ತಿರುಗಿ ಬೂಸ್ಟ್ ಕೊಡುತ್ತದೆ. 3500 ಹತ್ತಿರ ಬಂದಾಗ ಒಂದು ಸಣ್ಣ ಬೈಪಾಸ್ ವಾಲ್ವ್ ತೆರೆದು ಎರಡನೆಯದನ್ನು ಮೊದಲೇ ತಿರುಗಿಸಿ ಇಡುತ್ತದೆ. 4000ದ ಹೊತ್ತಿಗೆ ದೊಡ್ಡ ವಾಲ್ವ್‌ಗಳು ತೆರೆದು ಎರಡೂ ಕೆಲಸಕ್ಕೆ ಇಳಿಯುತ್ತವೆ.

ಜಪಾನಿನ ಸುಪ್ರಾದಲ್ಲಿ ಇದರಿಂದ 3600 ಆರ್‌ಪಿಎಂಗೇ 431 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತಿತ್ತು. ಪವರ್ ಕಾಗದದ ಮೇಲೆ 280 ಪಿಎಸ್. ಅಲ್ಲಿನ ಕಂಪನಿಗಳೆಲ್ಲ ಅದಕ್ಕಿಂತ ಜಾಸ್ತಿ ಹೇಳಿಕೊಳ್ಳಬಾರದು ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದರು. ಅಮೆರಿಕಕ್ಕೆ ಹೋದ ಇದೇ ಕಾರಿಗೆ 320 ಹಾರ್ಸ್‌ಪವರ್ ಎಂದು ಬರೆದಿದ್ದರು.

ಈ ತೂಬು ತೆಗೆಯುವ, ಮುಚ್ಚುವ ಕೆಲಸಕ್ಕೆ ಒಂದು ದೊಡ್ಡ ಸಂಸಾರವೇ ಬೇಕು. ಹೊಗೆ ಕಡೆ ಒಂದು ವಾಲ್ವ್, ಗಾಳಿ ಕಡೆ ಒಂದು ವಾಲ್ವ್, ಒಂದು ಬೈಪಾಸ್, ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಒಂದು ವೇಸ್ಟ್‌ಗೇಟ್, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಒಂದು ರೀಡ್ ವಾಲ್ವ್. ಅವನ್ನು ಆಡಿಸಲು ನಾಲ್ಕು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್‌ಗಳು. ಒತ್ತಡ ಹಿಡಿದಿಡಲು ಒಂದು ಪುಟ್ಟ ಟ್ಯಾಂಕ್. ಇವೆಲ್ಲದರ ನಡುವೆ ಬೆರಳು ದಪ್ಪದ ರಬ್ಬರ್ ಹೋಸ್‌ಗಳ ಜಾಲ. ಸಿಂಗಲ್ ಟರ್ಬೊ ಹಾಕುವಾಗ ಇದೆಲ್ಲ ಬೇಡವಾಗುತ್ತದೆ. ಬಿಚ್ಚಿದವರು ಒಂದು ಡಬ್ಬಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟಿದ್ದರೆ ನಿಮ್ಮ ಪುಣ್ಯ. ಹೆಚ್ಚಿನ ಕಡೆ ಅದು ಗುಜರಿಗೆ ಹೋಗಿರುತ್ತದೆ.

ಮೊದಲನೆಯ ದಾರಿ: ಇರುವ ದೊಡ್ಡ ಸಿಂಗಲ್ಲನ್ನೇ ಸರಿಮಾಡಿಕೊಳ್ಳುವುದು

ಇದನ್ನು ತಳ್ಳಿಹಾಕಬೇಡಿ. ಎಷ್ಟೋ ಕಾರುಗಳಲ್ಲಿ ಟರ್ಬೊ ಚೆನ್ನಾಗಿಯೇ ಇರುತ್ತದೆ, ಟ್ಯೂನಿಂಗ್ ಕೆಟ್ಟಿರುತ್ತದೆ. ಎಲ್ಲೋ ಪೈಪ್ ಸೋರುತ್ತಿರುತ್ತದೆ, ವೇಸ್ಟ್‌ಗೇಟ್ ಸರಿಯಾಗಿ ಮುಚ್ಚುತ್ತಿರುವುದಿಲ್ಲ. ಹೊಗೆ ಒಂದು ಕಡೆ ಸೋರಿದರೂ ಟರ್ಬೊ ತಡವಾಗಿ ಎದ್ದೇಳುತ್ತದೆ. ಸೋರಿಕೆ ಮುಚ್ಚಿಸಿ, ಒಬ್ಬ ಒಳ್ಳೆಯ ಟ್ಯೂನರ್ ಹತ್ತಿರ ಡೈನೋ (ಎಂಜಿನ್ನಿನ ಬಲ ಅಳೆಯುವ ಯಂತ್ರ) ಮೇಲೆ ಕೂರಿಸಿದರೆ 500 ಆರ್‌ಪಿಎಂ ಮೊದಲೇ ಬೂಸ್ಟ್ ಬರುವಂತೆ ಆಗಬಹುದು. ಖರ್ಚೂ ಎಲ್ಲಕ್ಕಿಂತ ಕಡಿಮೆ.

ಆದರೆ ಟರ್ಬೊ ದೊಡ್ಡದೇ ಇದ್ದರೆ ಟ್ಯೂನಿಂಗ್‌ನಿಂದ ಅದು ಸಣ್ಣದಾಗುವುದಿಲ್ಲ. ವಾರಕ್ಕೊಮ್ಮೆ ಬೆಳಗಿನ ಜಾವ ಚಿತ್ರದುರ್ಗದ ತನಕ ಹೋಗಿ ಬರುವುದಷ್ಟೇ ನಿಮ್ಮ ಓಡಾಟವಾದರೆ ಪರವಾಗಿಲ್ಲ. ದಿನಾ ಪಿ.ಬಿ. ರಸ್ತೆಯಲ್ಲಿ ಓಡಿಸುವವರಾದರೆ ಬೇಡ.

ಎರಡನೆಯದು: ಸಣ್ಣ, ಹೊಸ ಕಾಲದ ಸಿಂಗಲ್

ಇದರ ಬಗ್ಗೆ ನನಗೆ ಮೊದಲು ಗೌರವ ಇರಲಿಲ್ಲ. ಒರಿಜಿನಲ್ ಅಂದರೆ ಒರಿಜಿನಲ್ಲೇ ಆಗಬೇಕು ಎಂಬ ಹಠ. ಈಗ ಮನಸ್ಸು ಬದಲಾಗಿದೆ. 1993ರ ಟರ್ಬೊಗೂ ಇವತ್ತಿನ ಬಾಲ್ ಬೇರಿಂಗ್ ಟರ್ಬೊಗೂ ತುಂಬಾ ವ್ಯತ್ಯಾಸ ಇದೆ. ರೆಕ್ಕೆಗಳ ಆಕಾರ ಸುಧಾರಿಸಿದೆ, ಬೇರಿಂಗ್ ಹಗುರಾಗಿ ತಿರುಗುತ್ತದೆ. ಟ್ವಿನ್ ಸ್ಕ್ರೋಲ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ಒಯ್ಯುವ ಕೊಳವೆಗಳು) ಹಾಕಿದರೆ ಮೂರು ಮೂರು ಸಿಲಿಂಡರಿನ ಹೊಗೆ ಬೇರೆ ಬೇರೆ ದಾರಿಯಲ್ಲಿ ಬಂದು ಟರ್ಬೊವನ್ನು ಬೇಗ ಎಬ್ಬಿಸುತ್ತದೆ. ಒರಿಜಿನಲ್ ಜೋಡಿಯಷ್ಟು ಕೆಳಗಿನಿಂದಲೇ ಎಳೆಯುವುದಿಲ್ಲ, ಆದರೆ ತುಂಬಾ ಹತ್ತಿರ ಬರುತ್ತದೆ. ಹೋಸ್ ಜಾಲದ ತಲೆನೋವು ಇರುವುದೇ ಇಲ್ಲ.

ನಿಮ್ಮ ಕಾರಿನ ಹಳೇ ಸಾಮಾನು ಅರ್ಧಕ್ಕಿಂತ ಜಾಸ್ತಿ ಕಳೆದುಹೋಗಿದ್ದರೆ ನಾನು ಹೇಳುವುದು ಇದನ್ನೇ. ಒಂದೇ ಕೊರತೆ, ಕಾರು ಒರಿಜಿನಲ್ ಆಗುವುದಿಲ್ಲ. ಕಾಗದಪತ್ರದ ವಿಷಯದಲ್ಲಿ ಅದು ಮುಖ್ಯ. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು: ಜೋಡಿ ಟರ್ಬೊ, ಆದರೆ ಎರಡೂ ತೂಬು ಸದಾ ತೆರೆದೇ

ಸುಪ್ರಾ ಇಟ್ಟುಕೊಂಡವರು ಇದನ್ನು ಟಿಟಿಸಿ (ಟ್ರೂ ಟ್ವಿನ್ ಕನ್ವರ್ಷನ್) ಅನ್ನುತ್ತಾರೆ. ಒರಿಜಿನಲ್ ಟರ್ಬೊಗಳೇ, ಒರಿಜಿನಲ್ ಮ್ಯಾನಿಫೋಲ್ಡೇ. ಹೊಗೆ ಕಡೆಯ ವಾಲ್ವ್ ಮತ್ತು ಗಾಳಿ ಕಡೆಯ ವಾಲ್ವ್ ಎರಡನ್ನೂ ತೆರೆದ ಸ್ಥಿತಿಯಲ್ಲಿ ಕಟ್ಟಿಬಿಡುತ್ತಾರೆ. ಸೊಲೆನಾಯ್ಡ್, ಟ್ಯಾಂಕ್ ಯಾವುದೂ ಕೆಲಸ ಮಾಡಬೇಕಿಲ್ಲ. ಕಡಿಮೆ ಸಾಮಾನಿನಲ್ಲಿ ಕಾರು ಓಡುತ್ತದೆ.

ಬೆಲೆ ತೆರುವುದು ಎಲ್ಲಿ ಗೊತ್ತೇ? ಕೆಳಗಿನ ಎಳೆತದಲ್ಲಿ. ನಾಲೆಯಲ್ಲಿ ನೀರು ಕಡಿಮೆ ಇರುವಾಗ ಎರಡೂ ತೂಬು ತೆಗೆದ ಹಾಗೆಯೇ ಇದು. ಬೂಸ್ಟ್ ಪೂರ್ತಿ ಬರಲು 3500 ಆಚೆ ಹೋಗಬೇಕು. ಅಂದರೆ ಸಿಂಗಲ್ ತೆಗೆಯಲು ನಿಮಗಿದ್ದ ಕಾರಣವೇ ಇಲ್ಲೂ ಉಳಿಯುತ್ತದೆ, ದೊಡ್ಡ ಸಿಂಗಲ್ಲಿನ ಪವರ್ ಮಾತ್ರ ಸಿಗುವುದಿಲ್ಲ.

ಇದನ್ನು ನಾವು ಮೂರು ತಿಂಗಳು ಮಾಡಿದ್ದೆವು. ಸೊಲೆನಾಯ್ಡ್‌ಗಳು ಜಪಾನಿನಿಂದ ಬರುವ ತನಕ ಕಾರು ಸುಮ್ನೆ ನಿಲ್ಲಬಾರದು ಎಂದು. ಹಾಗೆ ತಾತ್ಕಾಲಿಕವಾಗಿ ಇದು ಒಳ್ಳೆಯದು, ಯಾಕೆಂದರೆ ವಾಪಸ್ ಬಿಚ್ಚುವುದು ಸುಲಭ. ಟರ್ಬೊಗಳು ಗಟ್ಟಿ ಇವೆಯೇ, ಆಯಿಲ್ ಸೋರುತ್ತಿದೆಯೇ ಎಂದು ನೋಡಲೂ ಸಮಯ ಸಿಗುತ್ತದೆ. ಕೊನೆಯ ನಿಲ್ದಾಣ ಎಂದು ಮಾತ್ರ ಇದನ್ನು ಆರಿಸಬೇಡಿ.

ನಾಲ್ಕನೆಯದು: ಪೂರ್ತಿ ಒರಿಜಿನಲ್

ನಾವು ಹಿಡಿದದ್ದು ಈ ದಾರಿ. ನಮ್ಮ ಊರಿನ ರಸ್ತೆಗೆ ಇದಕ್ಕಿಂತ ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. 2000 ಆರ್‌ಪಿಎಂನಿಂದಲೇ ಕಾರು ಜೀವ ತಳೆಯುತ್ತದೆ. ಹೆದ್ದಾರಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಿದ್ದಾಗ ಗೇರ್ ಇಳಿಸದೆ ಒತ್ತಿದರೆ ಸಾಕು, ಮುಂದೆ ಹೋಗುತ್ತದೆ.

ಆದರೆ ಕೆಲಸ ಇದರಲ್ಲೇ ಜಾಸ್ತಿ. ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: "ತಮ್ಮಾ, ಟರ್ಬೊ ಕೂರ್ಸೋದು ಎರಡು ದಿನದ ಕೆಲ್ಸ. ಈ ಪೈಪ್ ಯಾವ ಮೂತಿಗೆ ಹೋಗ್ತೈತಿ ಅಂತ ಹುಡುಕೋದು ಒಂದು ತಿಂಗಳ ಕೆಲ್ಸ." ಹಾಗೆಯೇ ಆಯಿತು.

ಕಾರನ್ನು ಶೆಡ್ಡಿಗೆ ಬಿಡುವ ಮೊದಲು ಇವೆಲ್ಲ ನಿಮ್ಮ ಕೈಯಲ್ಲಿವೆಯೇ ನೋಡಿಕೊಳ್ಳಿ. ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಎರಡು ಟರ್ಬೊ, ಅವುಗಳ ಮೇಲಿನ ಆಕ್ಚುಯೇಟರ್‌ಗಳು (ಗಾಳಿಯ ಒತ್ತಡಕ್ಕೆ ಕಡ್ಡಿ ತಳ್ಳಿ ವಾಲ್ವ್ ಆಡಿಸುವ ಡಬ್ಬಿಗಳು). ಹೊಗೆ ವಾಲ್ವ್ ಇರುವ ಭಾಗ. ಗಾಳಿ ವಾಲ್ವ್ ಇರುವ ಪೈಪ್. ನಾಲ್ಕು ಸೊಲೆನಾಯ್ಡ್, ಅವುಗಳ ಬ್ರಾಕೆಟ್, ಒತ್ತಡದ ಟ್ಯಾಂಕ್. ಆಯಿಲ್ ಹೋಗುವ ಪೈಪ್, ಬರುವ ಪೈಪ್, ನೀರಿನ ಪೈಪ್. ಶಾಖ ತಡೆಯುವ ತಗಡುಗಳು. ಒರಿಜಿನಲ್ ಡೌನ್‌ಪೈಪ್. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪ್‌ಗಳು, ಏರ್ ಫಿಲ್ಟರ್ ಡಬ್ಬ. ಒರಿಜಿನಲ್ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಮತ್ತು ಕತ್ತರಿಸದ ವೈರಿಂಗ್.

ಕೊನೆಯದನ್ನು ಮೊದಲು ನೋಡಿ. ಪೈಪ್ ಸಿಗುತ್ತದೆ, ಟರ್ಬೊ ಸಿಗುತ್ತದೆ. ಯಾರೋ ಅರ್ಧಕ್ಕೆ ಕತ್ತರಿಸಿ ಟೇಪ್ ಸುತ್ತಿದ ವೈರಿಂಗ್ ಸರಿಮಾಡುವುದು ನಿಜಕ್ಕೂ ಕಷ್ಟ. ಇಸಿಯು ಸಿಕ್ಕರೂ ಒಮ್ಮೆ ತೆರೆದು ನೋಡಿಸಿ. ಈ ವಯಸ್ಸಿನ ಬೋರ್ಡ್‌ಗಳಲ್ಲಿ ಕೆಪಾಸಿಟರ್ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುವುದು ಸಾಮಾನ್ಯ. ನಮ್ಮದನ್ನು ಊರಿನಲ್ಲೇ ಟಿವಿ ರಿಪೇರಿ ಮಾಡುವ ಒಬ್ಬರು ಒಂದು ಸಂಜೆ ಕೂತು ಬದಲಿಸಿಕೊಟ್ಟರು.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಸಿಂಗಲ್ ಹಾಕಿದವರು ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್ ಹಾಕಿರುತ್ತಾರೆ. ಜಪಾನ್ ಕಾರಿನ ಒರಿಜಿನಲ್ ಇಂಜೆಕ್ಟರ್ ನಿಮಿಷಕ್ಕೆ 440 ಸಿಸಿಯದು. ಒರಿಜಿನಲ್ ಇಸಿಯು ಹಾಕಿ ದೊಡ್ಡ ಇಂಜೆಕ್ಟರ್ ಹಾಗೇ ಬಿಟ್ಟರೆ ಪೆಟ್ರೋಲ್ ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಆಯಿಲ್‌ಗೆ ಪೆಟ್ರೋಲ್ ಸೇರುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ನಿಮ್ಮ ಎಂಜಿನ್ 1997ರ ನಂತರದ್ದಾದರೆ ಅದರಲ್ಲಿ ವಿವಿಟಿ-ಐ (ಎಂಜಿನ್ ವಾಲ್ವ್ ತೆರೆಯುವ ಸಮಯ ಬದಲಿಸುವ ಏರ್ಪಾಡು) ಇರುತ್ತದೆ. ಅದರ ವೈರಿಂಗ್, ಇಸಿಯು ಬೇರೆ. ಹಳೆಯದರ ಸಾಮಾನು ತಂದರೆ ಕೂರುವುದಿಲ್ಲ. ಇಸವಿ ನೆನಪಿಟ್ಟುಕೊಳ್ಳುವುದು ದಾವಣಗೆರೆಯವರಿಗೆ ಸುಲಭ. ನಾವು ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೂ ಅದೇ.

ಮ್ಯಾನಿಫೋಲ್ಡ್ ಬಗ್ಗೆಯೂ ಹೇಳಬೇಕು. ನಮಗೆ ಸಿಕ್ಕಿದ್ದರ ಮುಖ ಬಾಗಿತ್ತು, ಎರಡು ಸ್ಟಡ್ ಮುರಿದು ಒಳಗೇ ಕೂತಿದ್ದವು. ಹರಿಹರಕ್ಕೆ ಒಯ್ದೆವು. ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಇದ್ದ ಊರು ಅದು. ಕಾರ್ಖಾನೆ ಮುಚ್ಚಿದರೂ ಆ ಕೆಲಸ ಕಲಿತ ಕೈಗಳು ಉಳಿದಿವೆ. ವಯಸ್ಸಾದ ಒಬ್ಬರು ಸ್ಟಡ್ ತೆಗೆದು, ಮುಖ ಗ್ರೈಂಡ್ ಮಾಡಿ, ಕನ್ನಡಿ ಹಾಗೆ ಮಾಡಿಕೊಟ್ಟರು. ಸ್ಕೇಲ್ ಇಟ್ಟು ದೀಪ ಹಿಡಿದು "ಬೆಳಕು ದಾಟ್ತೈತೇನ್ ನೋಡ್ರಿ" ಅಂದರು. ದಾಟಲಿಲ್ಲ. ಇಂಥ ಕೆಲಸಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ.

ಯಾವ ಜೋಡಿ? ಸೆರಾಮಿಕ್ಕೋ, ಉಕ್ಕೋ?

ಒರಿಜಿನಲ್ ಎಂದು ನಿರ್ಧರಿಸಿದ ಮೇಲೆ ಇದೊಂದು ಆಯ್ಕೆ ಉಳಿಯುತ್ತದೆ. ಜಪಾನ್ ಕಾರಿನಲ್ಲಿ ಇದ್ದದ್ದು ಸಿಟಿ20ಎ. ಅದರ ಟರ್ಬೈನ್ ಚಕ್ರ ಸೆರಾಮಿಕ್. ಹಗುರ, ಹಾಗಾಗಿ ಬೇಗ ತಿರುಗುತ್ತದೆ. ಹೊರದೇಶಗಳಿಗೆ ಹೋದ ಕಾರಿನಲ್ಲಿ ಸಿಟಿ12ಬಿ. ಅದರದ್ದು ಉಕ್ಕಿನ ಚಕ್ರ. ಸ್ವಲ್ಪ ತಡವಾಗಿ ಎದ್ದೇಳುತ್ತದೆ, ಆದರೆ ಹೆಚ್ಚು ಬೂಸ್ಟ್ ತಡೆಯುತ್ತದೆ.

ಒರಿಜಿನಲ್ ಬೂಸ್ಟ್ ಸುಮಾರು 0.75 ಬಾರ್. ಅಲ್ಲೇ ಇಟ್ಟರೆ ಸೆರಾಮಿಕ್ ವರ್ಷಗಟ್ಟಲೆ ಬಾಳುತ್ತದೆ. 1.2 ಬಾರ್ ಆಸುಪಾಸಿಗೆ ಏರಿಸಿದರೆ ಚಕ್ರ ಒಡೆಯುವ ಭಯ ಇದೆ. ಇಲ್ಲಿ ಒಂದು ಗುಟ್ಟು ಇದೆ. ನೀವು ಬೂಸ್ಟ್ ಮುಟ್ಟದೇ ಇದ್ದರೂ ಅದು ಏರಬಹುದು. ಸಿಂಗಲ್ ಕಾಲದ ದಪ್ಪ ಸೈಲೆನ್ಸರ್ ಪೈಪ್ ಹಾಗೇ ಬಿಟ್ಟು, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆ ಓಡಿಸಿದರೆ ಹೊಗೆ ಸರಾಗವಾಗಿ ಹೊರಟುಹೋಗುತ್ತದೆ. ಆಗ ಒರಿಜಿನಲ್ ವೇಸ್ಟ್‌ಗೇಟ್‌ಗೆ ಬೂಸ್ಟ್ ಹಿಡಿದಿಡಲು ಆಗುವುದಿಲ್ಲ. ಟರ್ಬೊ ಒರಿಜಿನಲ್ ಆದರೆ ಸೈಲೆನ್ಸರೂ ಒರಿಜಿನಲ್ ಇರಬೇಕು. ಆಗದಿದ್ದರೆ ಪೈಪಿನ ನಡುವೆ ರಂಧ್ರ ಸಣ್ಣದಿರುವ ರಿಸ್ಟ್ರಿಕ್ಟರ್ ರಿಂಗ್ ಆದರೂ ಹಾಕಿಸಿ.

ನನಗೆ ಕೇಳಿದರೆ, ಕಾರನ್ನು ಒರಿಜಿನಲ್ ಬೂಸ್ಟಿನಲ್ಲೇ ಓಡಿಸುವವರು ಸೆರಾಮಿಕ್ಕನ್ನೇ ಆರಿಸಬಹುದು. ಕೆಳಗಿನ ಎಳೆತ ಅದರಲ್ಲೇ ಚೆನ್ನ. ಮುಂದೆ ಒಂದು ದಿನ ಬೂಸ್ಟ್ ಏರಿಸುವ ಆಸೆ ಮನಸ್ಸಿನಲ್ಲಿ ಇದ್ದರೆ ಸಿಟಿ12ಬಿ ಹುಡುಕಿ, ಅಥವಾ ಸಿಟಿ20ಎಗೆ ಉಕ್ಕಿನ ಚಕ್ರ ಹಾಕಿ ಓವರಾಲ್ ಮಾಡಿಸಿ. ಆಸೆ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಈಗಲೇ ಒಪ್ಪಿಕೊಂಡರೆ ಎರಡು ಸಲ ಖರ್ಚು ಮಾಡುವುದು ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಮಗೆ ಬಿದ್ದ ಪೆಟ್ಟು ಇದು. ಒಬ್ಬ ಮಾರಾಟಗಾರ ಕಳಿಸಿದ ಫೋಟೊಗಳಲ್ಲಿ ಗಾಳಿ ಕಡೆಯ ರೆಕ್ಕೆಗಳು ಹೊಳೆಯುತ್ತಿದ್ದವು. ದುಡ್ಡು ಕಳಿಸಿದೆವು. ಪೆಟ್ಟಿಗೆ ಬಂದು ತೆರೆದು ನೋಡಿದರೆ ಎರಡನೇ ಟರ್ಬೊದ ಹೊಗೆ ಕಡೆಯ ಚಕ್ರ ಅಂಚಿನಲ್ಲಿ ಚೂರಾಗಿತ್ತು. ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದಕ್ಕೇ ಹೇಳುವುದು, ಎರಡೂ ಟರ್ಬೊದ ಎರಡೂ ಕಡೆಯ ಫೋಟೊ ಕೇಳಿ. ಶಾಫ್ಟ್ ಹಿಡಿದು ಅಲುಗಾಡಿಸುವ ವಿಡಿಯೊ ಕೇಳಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇದ್ದರೆ ಸಹಜ, ಮುಂದಕ್ಕೆ ಹಿಂದಕ್ಕೆ ಕೈಗೆ ತಿಳಿಯುವಷ್ಟು ಆಡಿದರೆ ಬೇಡ.

ಲಾರಿ, ಬೋರ್‌ವೆಲ್ ಗಾಡಿಗಳ ಟರ್ಬೊ ಬಿಚ್ಚಿ ಜೋಡಿಸುವವರು ನಮ್ಮ ಕಡೆ ಇದ್ದಾರೆ, ಕೆಲಸವೂ ಚೆನ್ನಾಗಿ ಗೊತ್ತು. ಆದರೆ ಈ ಸಣ್ಣ ಟರ್ಬೊ ಅದಕ್ಕಿಂತ ತುಂಬಾ ವೇಗವಾಗಿ ತಿರುಗುತ್ತದೆ. ಪೂರ್ತಿ ವೇಗದಲ್ಲಿ ಬ್ಯಾಲೆನ್ಸ್ ನೋಡುವ ಮಷಿನ್ ಇದೆಯೇ ಎಂದು ಮೊದಲು ಕೇಳಿ. ಇಲ್ಲ ಅಂದರೆ ಆ ಒಂದು ಕೆಲಸ ಮಾತ್ರ ಹೊರಗೆ ಕೊಡಿ.

ಬಿಡಿಭಾಗಗಳಿಗೆ ಒಂದು ಸಮಾಧಾನದ ಸಂಗತಿ ಇದೆ. ಟೊಯೊಟಾ ಜಿಆರ್ ಹೆರಿಟೇಜ್ ಪಾರ್ಟ್ಸ್ ಎಂಬ ಹೆಸರಿನಲ್ಲಿ ಹಳೇ ಸುಪ್ರಾಗಳ ಕೆಲವು ಭಾಗಗಳನ್ನು 2020ರಿಂದ ಮತ್ತೆ ತಯಾರಿಸಿ ಮಾರುತ್ತಿದೆ. ಎಲ್ಲವೂ ಸಿಗುವುದಿಲ್ಲ, ಆದರೆ ಪಾರ್ಟ್ ನಂಬರ್ ಹಾಕಿ ಒಮ್ಮೆ ವಿಚಾರಿಸದೆ ಹಳೆಯದಕ್ಕೆ ಕೈ ಹಾಕಬೇಡಿ. ಗ್ಯಾಸ್ಕೆಟ್, ಹೋಸ್, ಕ್ಲಾಂಪ್ ಮಾತ್ರ ಯಾವತ್ತೂ ಹೊಸದೇ ಇರಲಿ. ಸಾಮಾನು ಹೊರಗಿನಿಂದ ಬಂದರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರಿ ಲೆಕ್ಕ ಹಾಕಿ. ವೆಬ್‌ಸೈಟಿನಲ್ಲಿ ಕಂಡ ಬೆಲೆ ಕೊನೆಯ ಬೆಲೆಯಲ್ಲ.

ನಮ್ಮ ಧೂಳು, ನಮ್ಮ ಬಿಸಿಲು

ಸಿಂಗಲ್ ಹಾಕಿದವರು ಸಾಮಾನ್ಯವಾಗಿ ತೆರೆದ ಕೋನ್ ಫಿಲ್ಟರ್ ಇಡುತ್ತಾರೆ. ಇಲ್ಲಿ ಸುಗ್ಗಿಯ ಹೊತ್ತಿಗೆ ಹೋಗಿ ನೋಡಿ. ರಸ್ತೆ ಮೇಲೇ ಮೆಕ್ಕೆಜೋಳ ಒಣಗಿಸಿರುತ್ತಾರೆ, ಗಾಳಿಯಲ್ಲಿ ಸಿಪ್ಪೆ ಹಾರುತ್ತಿರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಗಿರಣಿಗಳು ಸುಮ್ನೆ ನಿಂತಿಲ್ಲ, ಆ ಬೀಸುವ ಗಾಳಿ ಮಣ್ಣನ್ನೂ ಹೊತ್ತು ತರುತ್ತದೆ. ಟರ್ಬೊ ರೆಕ್ಕೆಗೆ ಅದು ಉಜ್ಜುಕಾಗದ ಇದ್ದ ಹಾಗೆ. ಒರಿಜಿನಲ್ ಡಬ್ಬ, ಒಳಗೆ ಕಾಗದದ ಫಿಲ್ಟರ್, ಇದೇ ನಮ್ಮ ಕಡೆಗೆ ಸರಿ. ನೀವು ಯಾವ ದಾರಿ ಹಿಡಿದರೂ ಇದೊಂದನ್ನು ಮಾತ್ರ ವಾಪಸ್ ಹಾಕಿ.

ಬಿಸಿಲಿನ ವಿಷಯದಲ್ಲೂ ಒರಿಜಿನಲ್ ಗೆಲ್ಲುತ್ತದೆ. ಸುಪ್ರಾದ ಒರಿಜಿನಲ್ ಇಂಟರ್‌ಕೂಲರ್ ಮುಂದಿನ ಚಕ್ರದ ಮುಂದೆ ಒಂದು ಮೂಲೆಯಲ್ಲಿ ಕೂತಿರುತ್ತದೆ. ಸಿಂಗಲ್ ಹಾಕುವಾಗ ದೊಡ್ಡದನ್ನು ರೇಡಿಯೇಟರ್ ಮುಂದೆ ಅಡ್ಡ ನಿಲ್ಲಿಸುತ್ತಾರೆ. ಹೆದ್ದಾರಿಯಲ್ಲಿ ತೊಂದರೆಯಿಲ್ಲ. ಏಪ್ರಿಲ್ ಮಧ್ಯಾಹ್ನ ಗುಂಡಿ ವೃತ್ತದ ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಮೇಲೆ ಹತ್ತುವುದನ್ನು ನಾನೇ ನೋಡಿದ್ದೇನೆ. ಒರಿಜಿನಲ್ ವಾಪಸ್ ಹಾಕಿದ ಮೇಲೆ ಆ ಮುಳ್ಳು ಅಲುಗಿಲ್ಲ.

ಪೆಟ್ರೋಲ್ ಬಗ್ಗೆ. ಈ ಎಂಜಿನ್ನನ್ನು ಜಪಾನಿನ ಬಂಕ್‌ಗಳಲ್ಲಿ ಸಿಗುವ ಸುಮಾರು 100 ಆಕ್ಟೇನ್ ಪೆಟ್ರೋಲ್ ನೋಡಿ ಮಾಡಿದ್ದು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಎಕ್ಸ್‌ಪಿ100 ತಂದಿತು, ಆದರೆ ಅದು ದೊಡ್ಡ ನಗರಗಳ ಆಯ್ದ ಬಂಕ್‌ಗಳ ಮಾತು. ನೀವು ಕಾಯಂ ಹಾಕಿಸುವುದು 95 ಎಂದೇ ಇಟ್ಟುಕೊಂಡು ಲೆಕ್ಕ ಹಾಕಿ. ಒರಿಜಿನಲ್ ಇಸಿಯುಗೆ ಎರಡು ನಾಕ್ ಸೆನ್ಸರ್ ಇವೆ, ಎಂಜಿನ್ ಕುಟ್ಟಿದರೆ ಅದೇ ಟೈಮಿಂಗ್ ಹಿಂದೆ ಸರಿಸುತ್ತದೆ. ಹೊರಗಿನ ಇಸಿಯು ಇಟ್ಟುಕೊಂಡರೆ ಇಲ್ಲಿ ಸಿಗುವ ಪೆಟ್ರೋಲ್ ಹಾಕಿಯೇ ಟ್ಯೂನ್ ಮಾಡಿಸಬೇಕು. ಬಂಕ್‌ಗಳಿಗೆ ಇ20 (ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಇನ್ನೊಂದು ಕೆಲಸ ಸೇರಿದೆ. ಮೂವತ್ತು ವರ್ಷದ ಹಳೇ ಪೆಟ್ರೋಲ್ ಹೋಸ್‌ಗಳನ್ನು ಎಥೆನಾಲ್ ತಡೆಯುವ ಹೊಸ ಹೋಸ್‌ಗೆ ಬದಲಿಸಿ. ಬಿಸಿ ಟರ್ಬೊ ಪಕ್ಕ ಪೆಟ್ರೋಲ್ ಜಿನುಗಿದರೆ ಬೆಂಕಿಯೇ ಗತಿ.

ಆರ್‌ಟಿಒ ಕಡೆಯಿಂದ ನೋಡಿದರೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಪ್ರತಿ ಸಲವೂ ಇನ್‌ಸ್ಪೆಕ್ಟರ್ ಮುಂದೆ ಕಾರು ನಿಲ್ಲುತ್ತದೆ. ಕೆಎ-17 ಆಗಲಿ ಕೆಎ-16 ಆಗಲಿ, ನಿಯಮ ಒಂದೇ. ಅಪಘಾತವಾದಾಗ ವಿಮೆಯವರೂ ಮೊದಲು ಕೇಳುವುದು, ತಿಳಿಸದೆ ಏನಾದರೂ ಬದಲಿಸಿದ್ದೀರಾ ಎಂದೇ. ಈ ಲೆಕ್ಕದಲ್ಲಿ ನಾಲ್ಕನೆಯ ದಾರಿ ಒಂದೇ ನೆಮ್ಮದಿಯದು. ಸಿಂಗಲ್ ದೊಡ್ಡದಾಗಲಿ ಸಣ್ಣದಾಗಲಿ, ಈ ಕಷ್ಟ ನಿಮ್ಮ ಜೊತೆಗೇ ಇರುತ್ತದೆ.

ನಿಮ್ಮದು ಸುಪ್ರಾ ಅಲ್ಲದಿದ್ದರೆ

ನಿಸಾನ್ ಸ್ಕೈಲೈನ್ ಜಿಟಿ-ಆರ್, ಅಂದರೆ ಆರ್32ರಿಂದ ಆರ್34ರ ತನಕದ ಕಾರು ನಿಮ್ಮದಾದರೆ ಕೆಲಸ ಸುಲಭ. ಅದರ 2568 ಸಿಸಿ ಎಂಜಿನ್ನಿನಲ್ಲಿ ಎರಡು ಟರ್ಬೊ ಮೊದಲಿನಿಂದಲೂ ಒಟ್ಟಿಗೇ ಕೆಲಸ ಮಾಡುತ್ತವೆ, ಒಂದೊಂದಕ್ಕೆ ಮೂರು ಮೂರು ಸಿಲಿಂಡರ್. ತೂಬು ಮುಚ್ಚುವ ತೆಗೆಯುವ ಏರ್ಪಾಡೇ ಇಲ್ಲ. ಅಲ್ಲಿ ಒರಿಜಿನಲ್ ಕಡೆ ಕಣ್ಣುಮುಚ್ಚಿ ಹೋಗಿ. ಮಜ್ದಾ ಆರ್‌ಎಕ್ಸ್-7ರ ಕೊನೆಯ ಮಾದರಿಯಲ್ಲಿ ಸುಪ್ರಾದ ಹಾಗೇ ಒಂದರ ನಂತರ ಒಂದು ಟರ್ಬೊ ಏಳುತ್ತದೆ. ಹೋಸ್ ಜಾಲ ಇದಕ್ಕಿಂತ ಸಿಕ್ಕು, ರೋಟರಿ ಎಂಜಿನ್ನಿನ ಶಾಖವೂ ಜಾಸ್ತಿ. ಆ ಎಂಜಿನ್ ಬಲ್ಲ ಒಬ್ಬರು ಜೊತೆಗಿಲ್ಲದೆ ಅದಕ್ಕೆ ಕೈ ಹಾಕಬೇಡಿ.

ಕೂರಿಸಿದ ಮೇಲೆ

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದ ದಿನ ನಾವು ಖುಷಿಯಿಂದ ಬಾತಿ ತನಕ ಹೋದೆವು. ಕೆಳಗೆ ಚೆನ್ನಾಗಿ ಎಳೆಯಿತು. 4000 ಮುಟ್ಟಿದ ಕೂಡಲೇ ಬೂಸ್ಟ್ ಬಿದ್ದುಹೋಯಿತು. ಎರಡನೇ ಟರ್ಬೊ ಕೆಲಸಕ್ಕೆ ಇಳಿಯಲೇ ಇಲ್ಲ. ಕೆರೆ ಏರಿ ಹತ್ತಿರ ಕಾರು ನಿಲ್ಲಿಸಿ ಇಬ್ಬರೂ ಮಾತಿಲ್ಲದೆ ಕೂತೆವು.

ಮರುದಿನ ಮೇಸ್ತ್ರಿ ಒಂದು ಸೈಕಲ್ ಪಂಪ್‌ಗೆ ಗೇಜ್ ಜೋಡಿಸಿ, ಒಂದೊಂದು ಆಕ್ಚುಯೇಟರ್‌ಗೂ ಮೆಲ್ಲಗೆ ಗಾಳಿ ಕೊಟ್ಟರು. ಕಡ್ಡಿ ಮುಂದೆ ಬಂದರೆ ಆಕ್ಚುಯೇಟರ್ ಸರಿ ಎಂದರ್ಥ. ಎಲ್ಲವೂ ಸರಿ ಇದ್ದವು. ಹಾಗಾದರೆ ಗಾಳಿ ಅಲ್ಲಿಗೆ ತಲುಪುತ್ತಿಲ್ಲ. ಕೊನೆಗೆ ನೋಡಿದರೆ ಸೊಲೆನಾಯ್ಡ್‌ನ ಎರಡು ಹೋಸ್ ಅದಲುಬದಲಾಗಿದ್ದವು. ಸರಿಮಾಡಲು ಹತ್ತು ನಿಮಿಷ ಹಿಡಿಯಿತು.

ಈ ಪರೀಕ್ಷೆಯನ್ನು ಎಂಜಿನ್ ಮೇಲೆ ಎಲ್ಲ ಮುಚ್ಚುವ ಮೊದಲೇ ಮಾಡಿ. ಪ್ರತಿ ಹೋಸ್‌ಗೂ ಎರಡೂ ತುದಿಯಲ್ಲಿ ಒಂದೇ ನಂಬರಿನ ಚೀಟಿ ಅಂಟಿಸಿ. ಸುಪ್ರಾದಲ್ಲಿ ಬೂಸ್ಟ್ ಗೇಜ್ ಕಂಪನಿಯಿಂದ ಬರುವುದಿಲ್ಲ, ಒಂದನ್ನು ಹಾಕಿಸಿಕೊಳ್ಳಿ. ರಸ್ತೆಯಲ್ಲಿ ನೋಡಲು ವೇಗ ಬೇಕಿಲ್ಲ. ಆರು ಗೇರಿನ ಕಾರಿನಲ್ಲಿ ಎರಡನೇ ಗೇರ್ 4500 ಎಂದರೆ ಗಂಟೆಗೆ ಸುಮಾರು 70 ಕಿಲೊಮೀಟರ್ ಅಷ್ಟೆ. ಖಾಲಿ ರಸ್ತೆಯಲ್ಲಿ 2000ದಿಂದ ಒತ್ತುತ್ತಾ ಬನ್ನಿ, ಪಕ್ಕದಲ್ಲಿ ಕೂತವರು ಗೇಜ್ ನೋಡಲಿ. ಮುಳ್ಳು ಬೇಗ ಏರಬೇಕು, 4000ದ ಹತ್ತಿರ ಒಂದು ಕ್ಷಣ ಸ್ವಲ್ಪ ಇಳಿದು ಮತ್ತೆ ಮೊದಲಿನ ಜಾಗಕ್ಕೆ ಬರಬೇಕು. ಇಳಿದದ್ದು ಇಳಿದೇ ಉಳಿದರೆ ಹೋಸ್ ನೋಡಿ. ಇಳಿಯದೆ ಒಂದೇ ಸಮ ಏರುತ್ತಾ ಹೋದರೆ ಕಾಲು ತೆಗೆಯಿರಿ, ಹೊಗೆ ವಾಲ್ವ್ ತೆರೆಯುತ್ತಿಲ್ಲ.

ತೆಗೆದ ಸಿಂಗಲ್ ಟರ್ಬೊವನ್ನು ತಕ್ಷಣ ಮಾರಬೇಡಿ. ಬಾಯಿಗಳಿಗೆ ಬಟ್ಟೆ ಕಟ್ಟಿ, ಒಂದು ಬೇಸಿಗೆ ಕಳೆಯುವ ತನಕ ಇಟ್ಟುಕೊಳ್ಳಿ. ನಮ್ಮದು ಇನ್ನೂ ಅಣ್ಣನ ಮನೆಯ ಅಟ್ಟದ ಮೇಲಿದೆ, ಬಿಚ್ಚಿದ ಎಲ್ಲ ನಟ್ಟು ಬೋಲ್ಟುಗಳ ಜೊತೆ, ಒಂದೊಂದಕ್ಕೂ ಚೀಟಿ ಬರೆದು.